ಪ್ಯಾಕೇಜಿನೊಳಗಿನ ರಕ್ತಪರೀಕ್ಷೆಗೆ ದರ ಕಟ್ಟುವವರು ಯಾರು?

ಪ್ರಶ್ನೆ: ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಸಣ್ಣದೊಂದು ಪ್ರಯೋಗಾಲಯ ನಡೆಸುತ್ತಿದ್ದೇನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನೋಂದಾಯಿತವಾದ ಆಸ್ಪತ್ರೆಯೊಂದರ ಒಳರೋಗಿಗಳ ಸ್ಯಾಂಪಲ್‌ಗಳು ನನ್ನಲ್ಲಿಗೆ ಬರುತ್ತವೆ. ‘ಸರ್ಕಾರದ ರೇಟೇ ಇಷ್ಟು’ ಎಂದು ಹೇಳಿ ನನ್ನ ದರದ ಅರ್ಧದಷ್ಟನ್ನು ಮಾತ್ರ ಕೊಡುತ್ತಾರೆ. ಅಮೆರಿಕದಲ್ಲಿ ಸರ್ಕಾರಿ ವಿಮೆಯೇ ಒಂದೊಂದು ಪರೀಕ್ಷೆಗೂ ದರಪಟ್ಟಿ ಪ್ರಕಟಿಸುತ್ತದೆಯಂತೆ. ನಮ್ಮಲ್ಲಿ ಇದನ್ನು ಯಾರು, ಯಾವ ಲೆಕ್ಕದಲ್ಲಿ ನಿಗದಿ ಮಾಡುತ್ತಾರೆ?

ಉತ್ತರ: ‘ಸರ್ಕಾರದ ರೇಟು’ ಎಂಬ ಮಾತು ನಿಮ್ಮ ವಿಷಯದಲ್ಲಿ ಅರ್ಧಸತ್ಯ. ರಾಜ್ಯದಲ್ಲಿ ಈ ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗೆ ಹಣ ಕೊಡುವುದು ಇಡೀ ಚಿಕಿತ್ಸೆಗೆ ಒಂದೇ ಮೊತ್ತವಾಗಿ (ಇದೇ ಪ್ಯಾಕೇಜ್) ಹೊರತು, ಅದರೊಳಗಿನ ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಹಿಮೋಗ್ಲೋಬಿನ್‌ಗಳಿಗೆ ಬಿಡಿಬಿಡಿಯಾಗಿ ಅಲ್ಲ. ರಾಜ್ಯದ ಯೋಜನೆಯೊಡನೆ ಬೆಸೆದಿರುವ, 2018ರಲ್ಲಿ ಆರಂಭವಾದ ಕೇಂದ್ರದ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯ ನಿಯಮದಂತೆ, ದಾಖಲಾಗುವುದಕ್ಕೆ ಹಿಂದಿನ 3 ದಿನಗಳ ಮತ್ತು ಬಿಡುಗಡೆಯ ನಂತರದ 15 ದಿನಗಳ ಪರೀಕ್ಷೆ, ಔಷಧಗಳೂ ಪ್ಯಾಕೇಜಿನೊಳಗೇ ಸೇರುತ್ತವೆ. ಆ ಯೋಜನೆಯ ಮೊದಲ ದರಪಟ್ಟಿಯಲ್ಲಿ ಸಾಮಾನ್ಯ ವಾರ್ಡಿನ ವೈದ್ಯಕೀಯ ಚಿಕಿತ್ಸೆಗೆ ದಿನಕ್ಕೆ 1,800 ರೂಪಾಯಿ ಇತ್ತು. ಹಾಸಿಗೆ, ಊಟ, ವೈದ್ಯರು, ಸಲೈನ್, ರಕ್ತಪರೀಕ್ಷೆ ಎಲ್ಲವೂ ಅದರಲ್ಲೇ ಆಗಬೇಕು. ಹೀಗಾಗಿ ಒಳರೋಗಿಯ ಪ್ರತಿಯೊಂದು ಪರೀಕ್ಷೆಯೂ ಆಸ್ಪತ್ರೆಗೆ ಆದಾಯವಲ್ಲ, ಖರ್ಚು. ನಿಮಗೆ ಸಿಗುತ್ತಿರುವ ದರ ನಿಮ್ಮ ಮತ್ತು ಆಸ್ಪತ್ರೆಯ ನಡುವಿನ ಒಪ್ಪಂದ. ಸರ್ಕಾರ ಅದರಲ್ಲಿ ಪಕ್ಷವೇ ಅಲ್ಲ.

ಹಾಗಾದರೆ ಬಿಡಿ ಪರೀಕ್ಷೆಗೆ ದರಪಟ್ಟಿಯೇ ಇಲ್ಲವೆ ಎಂದರೆ, ಇದೆ. ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯಾದ ಸಿ.ಜಿ.ಎಚ್.ಎಸ್.ನ ಪಟ್ಟಿಯಲ್ಲಿ ಪರೀಕ್ಷೆಗೊಂದು ದರವಿದೆ; ಇ.ಎಸ್.ಐ. ನಿಗಮವೂ ಬಹುಮಟ್ಟಿಗೆ ಅದನ್ನೇ ಅನುಸರಿಸುತ್ತದೆ. ಆಸ್ಪತ್ರೆಗಳು ನಿಮ್ಮಂಥವರೊಡನೆ ಚೌಕಾಸಿ ಮಾಡುವಾಗ ಕೈಯಲ್ಲಿ ಹಿಡಿಯುವುದೂ ಸಾಮಾನ್ಯವಾಗಿ ಆ ಪಟ್ಟಿಯನ್ನೇ. ಅದು ಬಹುಕಾಲ ಟೆಂಡರಿನ ಮೂಲಕ, ಅಂದರೆ ಅತಿ ಕಡಿಮೆ ಕೂಗಿದವರ ದರದ ಆಧಾರದ ಮೇಲೆ ರೂಪುಗೊಂಡದ್ದು. ಕಡಿಮೆ ಕೂಗಬಲ್ಲವರು ದಿನಕ್ಕೆ ಸಾವಿರಾರು ಸ್ಯಾಂಪಲ್ ಓಡಿಸುವ ಮಹಾನಗರದ ಪ್ರಯೋಗಾಲಯಗಳೇ ಎಂಬುದು ನಿಮಗೆ ಗೊತ್ತಿರುವ ಸಂಗತಿ. ಪ್ಯಾಕೇಜುಗಳ ಪರಿಷ್ಕರಣೆಗಾದರೋ ಚಂಡೀಗಡದ ಪಿ.ಜಿ.ಐ. ಸಂಸ್ಥೆಯ ನೇತೃತ್ವದಲ್ಲಿ ನಡೆದ ವೆಚ್ಚ ಅಧ್ಯಯನದ ಅಂಕಿಅಂಶಗಳೂ ಬಳಕೆಯಾದವು. ಇದು ಟೆಂಡರಿಗಿಂತ ಉತ್ತಮ ಮಾರ್ಗವೆಂದು ನನ್ನ ಅಭಿಪ್ರಾಯ. ಆದರೂ ಸರಾಸರಿ ವೆಚ್ಚ ಎಂಬುದು ದಿನಕ್ಕೆ ಎಷ್ಟು ಸ್ಯಾಂಪಲ್ ಬರುತ್ತವೆ ಎಂಬುದರ ಮೇಲೆ ನಿಂತಿರುತ್ತದೆ.

ಇದನ್ನು ನಿಮ್ಮ ಅನಲೈಜರಿನ (ಪರೀಕ್ಷಾ ಯಂತ್ರದ) ಮುಂದೆ ನಿಂತೇ ನೋಡಬಹುದು. ಬೆಳಿಗ್ಗೆ ಮೊದಲ ಸ್ಯಾಂಪಲ್ ಇಡುವ ಮುನ್ನ ಎರಡು ಮಟ್ಟದ ಕಂಟ್ರೋಲ್, ಅಂದರೆ ಯಂತ್ರ ಸರಿಯಿದೆಯೇ ಎಂದು ನೋಡಲು ಫಲಿತಾಂಶ ಮೊದಲೇ ಗೊತ್ತಿರುವ ಸ್ಯಾಂಪಲ್, ಓಡಿಸಲೇಬೇಕು. ದಿನಕ್ಕೆ 4 ಕ್ರಿಯಾಟಿನಿನ್ ಬಂದರೆ 6 ಪರೀಕ್ಷೆಗಳ ರಿಯೇಜೆಂಟ್ (ಪರೀಕ್ಷಾ ರಾಸಾಯನಿಕ) ಖರ್ಚಾಗುತ್ತದೆ. 100 ಬಂದರೆ 102. ಅಂದರೆ ಮೊದಲನೆಯವರಿಗೆ ಶೇ 50ರಷ್ಟು ಹೆಚ್ಚುವರಿ ಹೊರೆ, ಎರಡನೆಯವರಿಗೆ ಶೇ 2. ತೆರೆದ ಕಿಟ್ ಅವಧಿ ಮುಗಿದು ಚೆಲ್ಲುವುದು, ಟೆಕ್ನಿಷಿಯನ್ನನ ಸಂಬಳ, ಯಂತ್ರದ ವಾರ್ಷಿಕ ನಿರ್ವಹಣೆ ಇವನ್ನೂ ಸೇರಿಸಿದರೆ ಅಂತರ ಇನ್ನೂ ಹಿಗ್ಗುತ್ತದೆ. ಎಲ್ಲರಿಗೂ ಒಂದೇ ದರವೆಂದರೆ, ಸ್ಯಾಂಪಲ್ ಹೆಚ್ಚು ಬರುವಲ್ಲಿ ಲಾಭ, ಕಡಿಮೆ ಬರುವಲ್ಲಿ ನಷ್ಟ.

ಊರಿನ ಗಾತ್ರವನ್ನು ಯೋಜನೆಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದಲ್ಲ, ಆದರೆ ಒಂದೊಂದು ಒಂದೊಂದು ದಿಕ್ಕಿಗೆ ಎಳೆಯುತ್ತದೆ. ಹಿಂದುಳಿದವೆಂದು ಕೇಂದ್ರ ಗುರುತಿಸಿದ ರಾಜ್ಯದ ಎರಡು ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳಲ್ಲಿ ಯಾದಗಿರಿಯೂ ಒಂದು (ಇನ್ನೊಂದು ರಾಯಚೂರು). ಅಂಥ ಜಿಲ್ಲೆಯ ಆಸ್ಪತ್ರೆಗೆ ಪ್ಯಾಕೇಜ್ ದರದ ಮೇಲೆ ಶೇ 10 ಹೆಚ್ಚು ಕೊಡಬೇಕೆಂಬ ಅವಕಾಶ ಕೇಂದ್ರದ ಮಾರ್ಗಸೂಚಿಯಲ್ಲಿದೆ. 2025ರಲ್ಲಿ ಪರಿಷ್ಕೃತವಾದ ಸಿ.ಜಿ.ಎಚ್.ಎಸ್. ಪಟ್ಟಿಯಾದರೋ ಇದಕ್ಕೆ ತದ್ವಿರುದ್ಧ: ಮೊದಲ ಶ್ರೇಣಿಯ ನಗರಗಳಿಗಿಂತ ಎರಡನೆಯ ಶ್ರೇಣಿಗೆ ಶೇ 10, ಮೂರನೆಯದಕ್ಕೆ ಶೇ 20 ಕಡಿಮೆ. ಸಣ್ಣ ಊರಿನಲ್ಲಿ ಬಾಡಿಗೆ ಅಗ್ಗ, ಸಂಬಳ ಅಗ್ಗ ಎಂಬುದು ಈ ಎರಡನೆಯ ಲೆಕ್ಕದ ತರ್ಕ. ಹಾಸಿಗೆಯ ಬಾಬತ್ತಿನಲ್ಲಿ ಅದು ಒಪ್ಪುವ ಮಾತಿರಬಹುದು. ಹೈದರಾಬಾದಿನಿಂದ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬರುವ ರಿಯೇಜೆಂಟಿಗೆ ಮಾತ್ರ ಶಹಾಪುರದಲ್ಲಿ ಯಾರೂ ರಿಯಾಯಿತಿ ಕೊಡುವುದಿಲ್ಲ.

ಅಮೆರಿಕದ ವಿಷಯದಲ್ಲಿ ನೀವು ಕೇಳಿದ್ದು ನಿಜ. ಅಲ್ಲಿನ ಮೆಡಿಕೇರ್ (ಮುಖ್ಯವಾಗಿ ವೃದ್ಧರಿಗಿರುವ ಸರ್ಕಾರಿ ವಿಮೆ) 1984ರಿಂದ ಪ್ರಯೋಗಾಲಯಗಳಿಗೆಂದೇ ದರಪಟ್ಟಿ ಇಟ್ಟುಕೊಂಡಿದೆ. 2014ರ ಕಾಯ್ದೆಯೊಂದರ ಪ್ರಕಾರ, ಖಾಸಗಿ ವಿಮಾ ಕಂಪನಿಗಳು ಅದೇ ಪರೀಕ್ಷೆಗೆ ಕೊಡುವ ದರಗಳನ್ನು ಪ್ರಯೋಗಾಲಯಗಳಿಂದ ಪಡೆದು, ಪರೀಕ್ಷೆಗಳ ಸಂಖ್ಯೆಗೆ ತಕ್ಕ ತೂಕ ಕೊಟ್ಟು ಮಧ್ಯದ ದರವನ್ನು ಆರಿಸುತ್ತಾರೆ. ಇದು 2018ರಿಂದ ಜಾರಿಯಲ್ಲಿದೆ. ಹೊಸ ಪರೀಕ್ಷೆ ಬಂದರೆ ಅದನ್ನು ಹೋಲುವ ಹಳೆಯದರ ದರವನ್ನು ಕೊಡುತ್ತಾರೆ, ಹೋಲುವುದು ಇಲ್ಲದಿದ್ದರೆ ಸ್ಥಳೀಯ ವೆಚ್ಚ ವಿಚಾರಿಸಿ ನಿಗದಿ ಮಾಡುತ್ತಾರೆ. ಆದರೆ ತೂಕ ಸಂಖ್ಯೆಯದ್ದಾದ್ದರಿಂದ ತಕ್ಕಡಿ ದೊಡ್ಡ ಕಂಪನಿಗಳ ಕಡೆಗೇ ವಾಲಿತು. ದರ ಇಳಿಯುವುದು ಖಚಿತವಾದಾಗ ಪ್ರಯೋಗಾಲಯಗಳ ಸಂಘ ನ್ಯಾಯಾಲಯಕ್ಕೆ ಹೋಯಿತು, ಸಂಸತ್ತು ಮುಂದಿನ ಕಡಿತಗಳನ್ನು ಮತ್ತೆ ಮತ್ತೆ ಮುಂದೂಡಿತು. ದರಪಟ್ಟಿ ಬಹಿರಂಗವಾಗಿದ್ದರೆ ಸಣ್ಣವರ ಕಷ್ಟ ತೀರುತ್ತದೆಂದು ಭಾವಿಸಬೇಡಿ.

ಈಗ ನಿಮ್ಮ ಒಪ್ಪಂದಕ್ಕೆ ಬರೋಣ. ಪರೀಕ್ಷೆಗೆ ಇಷ್ಟು ಎಂಬುದಕ್ಕೆ ಬದಲಾಗಿ ತಿಂಗಳಿಗೆ ಕನಿಷ್ಠ ಇಷ್ಟು ಮೊತ್ತ ಎಂಬ ಖಾತರಿಯನ್ನು ಕೇಳಿ. ನಿಮ್ಮ ಖರ್ಚಿನ ಸ್ವರೂಪಕ್ಕೆ ಹೊಂದುವುದು ಅದೇ. ಟ್ರಸ್ಟಿನಿಂದ ಕ್ಲೇಮಿನ ಹಣ ಬಂದ ಮೇಲೆ ಪಾವತಿ ಎಂಬ ಷರತ್ತಿಗೆ ಒಪ್ಪಬೇಡಿ, ಏಕೆಂದರೆ ಕ್ಲೇಮ್ ತಿರಸ್ಕೃತವಾದರೂ ನಿಮ್ಮ ರಿಯೇಜೆಂಟ್ ಮುಗಿದೇ ಇರುತ್ತದೆ. ಥೈರಾಯ್ಡಿನಂಥ, ತುರ್ತಿಲ್ಲದ ಪರೀಕ್ಷೆಗಳನ್ನು ವಾರಕ್ಕೆ ಎರಡು ದಿನ ಒಟ್ಟುಗೂಡಿಸಿ ಓಡಿಸಲು ವೈದ್ಯರ ಒಪ್ಪಿಗೆ ಪಡೆದರೆ, ಕಂಟ್ರೋಲಿನ ಖರ್ಚು ಅಷ್ಟರಮಟ್ಟಿಗೆ ತಗ್ಗುತ್ತದೆ. ಕಂಟ್ರೋಲನ್ನೇ ಬಿಟ್ಟು ಉಳಿತಾಯ ಮಾಡುವ ದಾರಿಯನ್ನು ಮಾತ್ರ ಯಾರು ಹೇಳಿದರೂ ಹಿಡಿಯಬೇಡಿ.