ಏಣಿ ಇಳಿದ ಮೇಲೆ ಆಟ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮೈಮುರಿದು ದುಡಿಯುವವರ ಮನೆಯಲ್ಲಿ ವಿಡಿಯೊ ಗೇಮ್ ಹೇಗೆ ಜೋಡಿಸಿಕೊಳ್ಳಬೇಕು ಎಂದು ಕೇಳಿ ಕೊಡಗಿನಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಅಂಗಡಿಯವರು ಕೊಡುವ ಸಲಹೆಯೆಲ್ಲ ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವವರ ಲೆಕ್ಕದ್ದು. ತೋಟದಲ್ಲಿ, ಜೀಪಿನಲ್ಲಿ, ಕಂಬದ ಮೇಲೆ ದುಡಿಯುವವರಿಗೆ ಅದು ಹೊಂದುವುದಿಲ್ಲ. ಹಗಲು ಮೈಯ ಯಾವ ಭಾಗ ಸವೆಯಿತೋ ಅದಕ್ಕೆ ರಾತ್ರಿ ರಜೆ ಸಿಗುವಂತೆ ಜೋಡಿಸಿಕೊಳ್ಳಬೇಕು.

ಪ್ರಶ್ನೆ: ಈಗ ಕಾಳುಮೆಣಸು ಕುಯ್ಲು, ಮುಂದೆ ಮರಗಸಿ (ನೆರಳಿನ ಮರದ ಕೊಂಬೆ ಸವರುವುದು). ಬೆಳಿಗ್ಗೆಯಿಂದ ಏಣಿಯ ಮೇಲೇ ಇರುತ್ತೇನೆ. ರಾತ್ರಿ ಒಂದೂವರೆ ಗಂಟೆ ಗೇಮ್ ಆಡಿದರೆ ಕತ್ತು ಹಿಡಿದುಕೊಳ್ಳುತ್ತದೆ. 43 ಇಂಚಿನ ಟಿವಿ ಗೋಡೆಯ ಮೇಲೆ, ಬಾಗಿಲ ಎತ್ತರದಲ್ಲಿದೆ. ಹದಿಮೂರು ಸಾವಿರದ ಗೇಮಿಂಗ್ ಚೇರ್ ನೋಡಿಟ್ಟಿದ್ದೇನೆ. ತಗೊಳ್ಳಲೇ? – ಸಿದ್ದಾಪುರದ ಓದುಗರು

ಚೇರ್ ಬೇಡ. ಟಿವಿ ಇಳಿಸಿ.

ಬಳ್ಳಿಯ ತುದಿಯ ಗೊನೆ ನೋಡಲು ಕತ್ತನ್ನು ಹಿಂದಕ್ಕೆ ಚಾಚಿ ಆರು ಗಂಟೆ ನಿಂತಿರುತ್ತೀರಿ. ಬಾಗಿಲ ಎತ್ತರದ ಟಿವಿ ನೋಡುವಾಗಲೂ ಕತ್ತು ಅದೇ ಭಂಗಿಯಲ್ಲಿರುತ್ತದೆ. ಅಂದರೆ ಮನೆಗೆ ಬಂದ ಮೇಲೂ ನಿಮ್ಮ ಕತ್ತು ಮೆಣಸು ಕುಯ್ಯುತ್ತಲೇ ಇದೆ. ಬೋರಲು ಮಲಗಿ ಮೊಬೈಲಿನಲ್ಲಿ ಆಡಿದರೆ ಇನ್ನೂ ಕೆಟ್ಟದ್ದು, ತಲೆಯ ಭಾರವನ್ನೆಲ್ಲ ದಣಿದ ಆ ಸ್ನಾಯುಗಳೇ ಎತ್ತಿ ಹಿಡಿಯಬೇಕು.

ಎತ್ತರವನ್ನು ಅಂದಾಜಿನಲ್ಲಿ ಗುರುತಿಸಬೇಡಿ. ಆಡುವಾಗ ಕೂರುವ ಜಾಗದಲ್ಲೇ ಕೂತು, ನಿಮ್ಮ ಕಣ್ಣಿನ ಎತ್ತರವನ್ನು ಎದುರು ಗೋಡೆಗೆ ಪೆನ್ಸಿಲಿನಲ್ಲಿ ಗುರುತು ಮಾಡಿಸಿ. ಆ ಗುರುತು ಪರದೆಯ ಮೇಲಿನ ಮೂರನೇ ಒಂದು ಭಾಗಕ್ಕೆ ಸರಿಹೊಂದಬೇಕು. 43 ಇಂಚಿನ ಪರದೆಯ ಎತ್ತರ ಸುಮಾರು 55 ಸೆಂ.ಮೀ., ಹಾಗಾಗಿ ಗುರುತಿನಿಂದ 37 ಸೆಂ.ಮೀ. ಕೆಳಗೆ ಟಿವಿಯ ಕೆಳ ಅಂಚು ಬರುತ್ತದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವವರಿಗೆ ನೆಲದಿಂದ 75 ಸೆಂ.ಮೀ., ಚಾಪೆಯ ಮೇಲೆ ಕೂರುವವರಿಗೆ 40ರ ಆಸುಪಾಸು ಸಿಗುತ್ತದೆ. ದೂರ 1.7ರಿಂದ 2 ಮೀಟರ್ ಇರಲಿ. ಆಟದ ಸಬ್‌ಟೈಟಲ್ ಅಕ್ಷರವನ್ನು ದೊಡ್ಡದು ಮಾಡಿಕೊಳ್ಳಿ, ಸಣ್ಣ ಅಕ್ಷರ ಓದಲು ಗದ್ದ ಮುಂದೆ ಚಾಚುವ ಚಟ ತಪ್ಪುತ್ತದೆ. ಹಳೇ ಮಣ್ಣಿನ ಗೋಡೆಯಾಗಿದ್ದರೆ ಹೊಸದಾಗಿ ತೂತು ಕೊರೆಯಲು ಹೋಗಬೇಡಿ, ಪ್ಲಗ್ ನಿಲ್ಲುವುದಿಲ್ಲ. ಗಟ್ಟಿ ಬೆಂಚಿನ ಮೇಲಿಟ್ಟು, ಮಕ್ಕಳಿರುವ ಮನೆಯಾದರೆ ಹಿಂದಿನಿಂದ ಪಟ್ಟಿ ಕಟ್ಟಿ.

ಗೇಮಿಂಗ್ ಚೇರ್ ಮೇಜಿನ ಎದುರು ನೆಟ್ಟಗೆ ಕೂರುವವರಿಗಾಗಿ ಮಾಡಿದ್ದು. ಏಣಿಯ ಮೆಟ್ಟಿಲ ಮೇಲೆ ಪಾದ ಊರಿ ನಿಂತವರ ಮೀನಖಂಡಕ್ಕೆ ಬೇಕಿರುವುದು ಕಾಲು ಮೇಲಿಡುವ ಜಾಗ. ಮಂಚವನ್ನು ಗೋಡೆಗೆ ಒತ್ತಿ, ಸೊಂಟಕ್ಕೊಂದು ಕತ್ತಿಗೊಂದು ದಿಂಬು ಕೊಟ್ಟು, ಬೆನ್ನು ಸ್ವಲ್ಪ ಹಿಂದಕ್ಕೆ ವಾಲುವಂತೆ ಒರಗಿ ಕಾಲು ಚಾಚಿ. ಮಂಡಿಯ ಕೆಳಗೆ ಸುತ್ತಿದ ಕಂಬಳಿ ಇಡಿ. ತೊಡೆಯ ಮೇಲೊಂದು ದಪ್ಪ ದಿಂಬಿಟ್ಟು ಮುಂಗೈಗಳನ್ನು ಅದರ ಮೇಲೆ ಊರಿದರೆ ಭುಜಕ್ಕೆ ಕಂಟ್ರೋಲರ್ ಹಿಡಿಯುವ ಕೆಲಸವೇ ಇರುವುದಿಲ್ಲ. ಖರ್ಚು ಮೂರು ದಿಂಬಿನದು. ಮಂಚಕ್ಕೆ ಬದಲಾದ ಮೇಲೆ ಕಣ್ಣಿನ ಎತ್ತರ ಮತ್ತೊಮ್ಮೆ ಅಳೆಯಿರಿ, ಕುರ್ಚಿಯ ಲೆಕ್ಕ ಅಲ್ಲಿಗೆ ಬರುವುದಿಲ್ಲ.

ಪ್ರಶ್ನೆ: ಮಾಂದಲಪಟ್ಟಿ ಬೆಟ್ಟಕ್ಕೆ ಜೀಪ್ ಓಡಿಸುತ್ತೇನೆ. ಮನೆಯಲ್ಲಿ ಸ್ಟಿಯರಿಂಗ್ ವೀಲ್, ಪೆಡಲ್ ಇರುವ ಸೆಟ್ ಇದೆ. ಅರ್ಧ ಗಂಟೆ ಆಡುವಷ್ಟರಲ್ಲಿ ಸೊಂಟ ನೋವು. ಪೆಡಲ್ ಕೂಡ ಜಾರುತ್ತದೆ. – ಮಡಿಕೇರಿ

ನಿಮಗೆ ಮೇಲಿನ ಉತ್ತರದ ತದ್ವಿರುದ್ಧ. ಅವರು ದಿನವೆಲ್ಲ ನಿಂತವರು, ನೀವು ಕುಲುಕಾಟದಲ್ಲಿ ಕೂತವರು. ಜೀಪು ಇಳಿದ ಕೂಡಲೇ ಮತ್ತೊಂದು ಸೀಟಿನಲ್ಲಿ ಕೂರುವುದೇ ತಪ್ಪು. ನಡುವೆ ಮುಕ್ಕಾಲು ಗಂಟೆ ನಡೆಯಿರಿ, ಇಲ್ಲವೇ ಅಂಗಾತ ಮಲಗಿ.

ಪೆಡಲ್ ಜಾರುವುದಕ್ಕೂ ಸೊಂಟ ನೋವಿಗೂ ನಂಟಿದೆ. ಲಾಜಿಟೆಕ್ ಜಿ29ರಂಥ ಸೆಟ್‌ಗಳ ಬ್ರೇಕ್ ಪೆಡಲ್ ಒಳಗೆ ರಬ್ಬರ್ ತುಂಡು ಇರುತ್ತದೆ, ಬಲವಾಗಿ ಒತ್ತಿದರೇ ಪೂರ್ತಿ ಬ್ರೇಕ್. ರೆಡ್ ಆಕ್ಸೈಡ್ ನೆಲದಲ್ಲಿ ಪೆಡಲ್ ಮುಂದಕ್ಕೆ, ಚಕ್ರದ ಕುರ್ಚಿ ಹಿಂದಕ್ಕೆ ಹೋಗುತ್ತದೆ. ಅದನ್ನು ತಡೆಯಲು ನಿಮಗೆ ಗೊತ್ತಿಲ್ಲದಂತೆ ಸೊಂಟದ ಸ್ನಾಯು ಬಿಗಿಯುತ್ತೀರಿ. ಪೆಡಲ್ ಹಿಂದಿನಿಂದ ಗೋಡೆಯವರೆಗೆ ಅಡ್ಡಲಾಗಿ ಒಂದು ರೀಪರ್ (ಮರದ ಪಟ್ಟಿ) ತುಂಡು ಕೊಟ್ಟು ನಿಲ್ಲಿಸಿ. ಚಕ್ರದ ಕುರ್ಚಿ ಬಿಟ್ಟು ನಾಲ್ಕು ಕಾಲಿನ ಮರದ ಕುರ್ಚಿ ಹಾಕಿ. ಪೆಡಲ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಿಚಿಯೇ ಇರಬೇಕು. ಕಾಲು ನೆಟ್ಟಗಾಯಿತೆಂದರೆ ಸೊಂಟ ಸೀಟಿನ ಹಿಂಬದಿಯಿಂದ ಬಿಟ್ಟು ಮುಂದೆ ಬಂದಿರುತ್ತದೆ.

ಫೋರ್ಸ್ ಫೀಡ್‌ಬ್ಯಾಕ್ (ಸ್ಟಿಯರಿಂಗ್ ಕೈಗೆ ಎದುರು ತಿರುಗುವ ಬಲ) ಅನ್ನು ಆಟದ ಸೆಟ್ಟಿಂಗ್‌ನಲ್ಲಿ ಅರ್ಧಕ್ಕೆ ಇಳಿಸಿ. ವಾರದಲ್ಲಿ ಎರಡು ದಿನ ವೀಲ್, ಮಿಕ್ಕ ದಿನ ಕಂಟ್ರೋಲರ್ ಹಿಡಿದು ನಿಂತೇ ಆಡಿ. ನೋವು ಕಾಲಿಗೆ ಇಳಿದರೆ, ಪಾದ ಜೋಮು ಹಿಡಿದರೆ ಆಟದ ಜೋಡಣೆಯಲ್ಲಿ ಪರಿಹಾರ ಹುಡುಕಬೇಡಿ, ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ತೋಟದಲ್ಲಿ ವೀಡ್ ಕಟರ್ ಹಿಡಿಯುವ ಕೆಲಸ, ದಿನಕ್ಕೆ ಐದಾರು ಗಂಟೆ. ಪಿಎಸ್ 4 (ಪ್ಲೇಸ್ಟೇಷನ್) ಗೇಮ್ ಕನ್ಸೋಲಿನಲ್ಲಿ ಕಾರ್ ರೇಸ್ ಆಡುವಾಗ ಇಪ್ಪತ್ತು ನಿಮಿಷಕ್ಕೆ ಬೆರಳು ಜೋಮು. ಚಳಿಗೆ ಎರಡು ಬೆರಳ ತುದಿ ಬಿಳಿಚಿಕೊಳ್ಳುತ್ತದೆ. – ಸುಂಟಿಕೊಪ್ಪ

ಕೊನೆಯ ಮಾತು ಮೊದಲು. ಚಳಿಗೆ ಬೆರಳ ತುದಿ ಬಿಳಿಚುವುದು, ಆಮೇಲೆ ಕೆಂಪಾಗಿ ಚುಚ್ಚುವುದು ಕಂಪನದ ಯಂತ್ರ ಹಿಡಿಯುವವರಿಗೆ ಬರುವ ಕಾಯಿಲೆಯ ಗುರುತು. ಬೆರಳಿನ ಸಣ್ಣ ರಕ್ತನಾಳ ಮತ್ತು ನರಗಳಿಗೆ ಪೆಟ್ಟು ಬಿದ್ದಿರುತ್ತದೆ. ಡಾಕ್ಟರಿಗೆ ತೋರಿಸುವುದನ್ನು ಮುಂದೂಡಬೇಡಿ, ಕೆಲಸ ಏನೆಂದೂ ಹೇಳಿ. ಬೀಡಿ ಸಿಗರೇಟು ಇದ್ದರೆ ಬಿಡಿ, ಅದೂ ಇದೇ ನಾಳಗಳನ್ನು ಬಿಗಿಯುತ್ತದೆ.

ಯಂತ್ರದ ಕೈಪಿಡಿಯಲ್ಲಿ ಕಂಪನದ ಅಂಕಿ ಮೀಟರ್/ಸೆಕೆಂಡ್ ವರ್ಗದಲ್ಲಿ ಇರುತ್ತದೆ. ಯುರೋಪಿನ 2002ರ ನಿಯಮದಂತೆ ಎಂಟು ಗಂಟೆಯ ಸರಾಸರಿ 2.5 ಮುಟ್ಟಿದರೆ ಮಾಲೀಕರು ಕ್ರಮ ಕೈಗೊಳ್ಳಬೇಕು, 5 ದಾಟಲೇಬಾರದು. 5 ಎಂದು ಬರೆದಿರುವ ಯಂತ್ರವನ್ನು ಹಿಡಿದರೆ ಎರಡೇ ಗಂಟೆಗೆ ಮೊದಲ ಗೆರೆ ಮುಟ್ಟಿರುತ್ತೀರಿ. ಅಂಚು ಮುರಿದ ಬ್ಲೇಡ್, ಸೀಳಿದ ರಬ್ಬರ್ ಬುಷ್ ಇದ್ದರೆ ಕಂಪನ ಪುಸ್ತಕದ ಅಂಕಿಗಿಂತ ಹೆಚ್ಚಿರುತ್ತದೆ. ಇದನ್ನು ತೋಟದ ರೈಟರಿಗೆ (ಮೇಲ್ವಿಚಾರಕರಿಗೆ) ಹೇಳಿ ಬದಲಾಯಿಸಿಕೊಳ್ಳಿ.

ಇನ್ನು ಆಟ. ಕಂಟ್ರೋಲರ್ ಒಳಗೂ ಎರಡು ಕಂಪನದ ಮೋಟಾರ್ ಇವೆ. ವೀಡ್ ಕಟರಿಗೆ ಹೋಲಿಸಿದರೆ ಅದು ಏನೂ ಅಲ್ಲ, ಆದರೂ ನಿಮ್ಮ ಕೈಗೆ ಬೇಕಿಲ್ಲ. ಪಿಎಸ್ 4ರಲ್ಲಿ ಸೆಟ್ಟಿಂಗ್ಸ್, ಡಿವೈಸಸ್, ಕಂಟ್ರೋಲರ್ಸ್ ಎಂದು ಹೋಗಿ ‘ಎನೇಬಲ್ ವೈಬ್ರೇಷನ್’ ಗುರುತು ತೆಗೆಯಿರಿ. ಪಿಎಸ್ 5 ಇರುವವರು ಆಕ್ಸೆಸರೀಸ್ ಒಳಗೆ ವೈಬ್ರೇಷನ್ ಜೊತೆಗೆ ಟ್ರಿಗರ್ ಎಫೆಕ್ಟನ್ನೂ ಆಫ್ ಮಾಡಿ, ಅದು ಬೆರಳಿಗೆ ಎದುರು ಒತ್ತುತ್ತದೆ.

ಕಾರ್ ರೇಸ್‌ನಲ್ಲಿ ಆಕ್ಸಿಲರೇಟರ್ ಎಂದರೆ ಕಂಟ್ರೋಲರಿನ ಬಲ ಹಿಂಬದಿಯ ಆರ್2 ಟ್ರಿಗರ್. ಹಗಲು ಕಟರಿನ ಟ್ರಿಗರ್ ಒತ್ತಿದ ಅದೇ ತೋರುಬೆರಳು ರಾತ್ರಿಯೂ ಒತ್ತುತ್ತಿದೆ. ಆಕ್ಸೆಸಿಬಿಲಿಟಿಯಲ್ಲಿ ‘ಬಟನ್ ಅಸೈನ್‌ಮೆಂಟ್ಸ್’ಗೆ ಹೋಗಿ ಆರ್2 ಕೆಲಸವನ್ನು ಎಕ್ಸ್ ಬಟನ್‌ಗೆ ಕೊಡಿ, ಹೆಬ್ಬೆರಳು ನೋಡಿಕೊಳ್ಳುತ್ತದೆ. ಬಟನ್‌ಗೆ ಅರ್ಧ ಒತ್ತುವುದು ಎಂಬುದಿಲ್ಲ, ಹಾಗಾಗಿ ತಿರುವಿನಲ್ಲಿ ಕಾರು ಜಾರುತ್ತದೆ. ಆಟದೊಳಗೆ ಟ್ರಾಕ್ಷನ್ ಕಂಟ್ರೋಲ್ (ಚಕ್ರ ಜಾರದಂತೆ ತಡೆಯುವ ಆಯ್ಕೆ) ಹಾಕಿಕೊಂಡರೆ ಸರಿಹೋಗುತ್ತದೆ. ಶೂಟಿಂಗ್ ಆಟದಲ್ಲಿ ‘ಹೋಲ್ಡ್’ (ಒತ್ತಿ ಹಿಡಿಯುವುದು) ಬದಲು ‘ಟಾಗಲ್’ (ಒಮ್ಮೆ ಒತ್ತಿ ಬಿಡುವುದು) ಆರಿಸಿ.

ಯಾವ ಬೆರಳು ಜೋಮು ಎಂಬುದನ್ನು ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳಾದರೆ ಮಣಿಕಟ್ಟು ಮಡಿಚಿದೆ, ಕಂಟ್ರೋಲರನ್ನು ದಿಂಬಿನ ಮೇಲಿಟ್ಟು ಮಣಿಕಟ್ಟು ನೇರ ಮಾಡಿ. ಕಿರುಬೆರಳು, ಉಂಗುರಬೆರಳಾದರೆ ಮೊಣಕೈ ಕುರ್ಚಿಯ ಗಟ್ಟಿ ಕೈಯ ಮೇಲೆ ಒತ್ತಿದೆ, ಟವೆಲ್ ಮಡಿಚಿ ಹಾಸಿ.

ಪ್ರಶ್ನೆ: ಲೈನ್‌ಮನ್ ಕೆಲಸ. ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್ ನಡುವಿನ ಜೋರು ಮಳೆಯ ಹೊತ್ತು) ಫೋನ್ ಬಂದ ಕೂಡಲೇ ಆಟ ಬಿಟ್ಟು ಓಡಬೇಕು. ಪಿಎಸ್ 5 ರೆಸ್ಟ್ ಮೋಡ್‌ನಲ್ಲಿಟ್ಟು ಹೋದರೆ ಬರುವಷ್ಟರಲ್ಲಿ ಆಟ ಹೋಗಿರುತ್ತದೆ. 900 ವಿಎ ಇನ್ವರ್ಟರ್, 150 ಎಎಚ್ ಬ್ಯಾಟರಿ ಇದ್ದರೂ ಹೀಗೇ. – ವಿರಾಜಪೇಟೆ

ರೆಸ್ಟ್ ಮೋಡ್‌ನಲ್ಲಿ ನಿಮ್ಮ ಆಟ ಮೆಮೊರಿಯಲ್ಲಿ ನಿಂತಿರುತ್ತದೆ, ಕ್ಷಣ ಕರೆಂಟ್ ತಪ್ಪಿದರೂ ಅಳಿಸಿಹೋಗುತ್ತದೆ. ಡಿಸ್ಕಿಗೆ ಏನಾದರೂ ಬರೆಯುತ್ತಿದ್ದಾಗ ತಪ್ಪಿದರೆ ಸೇವ್ ಕೂಡ ಹಾಳಾಗಬಹುದು. ಎಕ್ಸ್‌ಬಾಕ್ಸ್ ಸೀರೀಸ್ ಎಸ್, ಎಕ್ಸ್‌ ಕನ್ಸೋಲುಗಳಲ್ಲಿರುವ ಕ್ವಿಕ್ ರೆಸ್ಯೂಮ್ ಆಟದ ಸ್ಥಿತಿಯನ್ನು ಎಸ್‌ಎಸ್‌ಡಿಗೆ ಬರೆದಿಡುತ್ತದೆ, ಪ್ಲಗ್ ಕಿತ್ತರೂ ಉಳಿಯುತ್ತದೆ. ಎಲ್ಲ ಆಟಕ್ಕೂ ಈ ಸೌಲಭ್ಯ ಇಲ್ಲ. ಕರೆ ಬಂದರೆ ಎದ್ದು ಹೋಗುವ ಕೆಲಸದವರಿಗೆ ಗ್ರಾಫಿಕ್ಸಿಗಿಂತ ಇದು ಮುಖ್ಯ. ಪಿಎಸ್ 5 ಮಾರುವುದಿಲ್ಲ ಎಂದಾದರೆ ಎಲ್ಲಿ ಬೇಕಾದರೂ ಸೇವ್ ಮಾಡಬಲ್ಲ ಆಟ ಆರಿಸಿ, ಸೇವ್ ಮಾಡಿ, ಪೂರ್ತಿ ಆಫ್ ಮಾಡಿಯೇ ಹೋಗಿ.

ಇನ್ವರ್ಟರ್ ಹಿಂದೆ ‘ಯುಪಿಎಸ್’, ‘ನಾರ್ಮಲ್’ ಎಂಬ ಸ್ವಿಚ್ ಇದೆಯೇ ನೋಡಿ. ನಾರ್ಮಲ್‌ನಲ್ಲಿದ್ದರೆ ಲೈನಿನಿಂದ ಬ್ಯಾಟರಿಗೆ ಬದಲಾಗುವ ಹೊತ್ತಿಗೆ ಕನ್ಸೋಲ್ ಸಾಯುತ್ತದೆ. ಯುಪಿಎಸ್ ಕಡೆ ಹಾಕಿದರೆ ಬೇಗ ಬದಲಾಗುತ್ತದೆ, ಆದರೆ ಲೈನಿನ ಕೊನೆಯ ಮನೆಯಲ್ಲಿ ವೋಲ್ಟೇಜ್ 180ಕ್ಕೆ ಇಳಿದಾಗಲೆಲ್ಲ ಬ್ಯಾಟರಿಗೆ ಹೋಗುತ್ತದೆ, ಕರೆಂಟ್ ಇದ್ದಾಗಲೇ ಬ್ಯಾಟರಿ ಖಾಲಿ. ಹಾಗಿದ್ದರೆ ಇನ್ವರ್ಟರ್ ನಾರ್ಮಲ್‌ನಲ್ಲೇ ಇರಲಿ, ಕನ್ಸೋಲಿಗೆ ಮಾತ್ರ ಒಂದು 1000 ವಿಎ ಲೈನ್ ಇಂಟರಾಕ್ಟಿವ್ (ಇಳಿದ ವೋಲ್ಟೇಜನ್ನು ತಾನೇ ಸರಿಪಡಿಸುವ) ಯುಪಿಎಸ್ ಕೊಡಿ. ಇನ್ವರ್ಟರ್ ಪ್ಯೂರ್ ಸೈನ್ ವೇವ್ (ಲೈನ್ ಕರೆಂಟಿನಂಥದೇ ಅಲೆ ಕೊಡುವ) ಬಗೆಯದಾಗಿರಲಿ.

ಎಷ್ಟು ಹೊತ್ತು ಬರುತ್ತದೆ? 12 ವೋಲ್ಟಿನ 150 ಎಎಚ್ ಎಂದರೆ 1,800 ವ್ಯಾಟ್ ಅವರ್. ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಇಳಿಸದಿದ್ದರೆ ಬಾಳಿಕೆ ಹೆಚ್ಚು, ಉಳಿದದ್ದು 900. ಇನ್ವರ್ಟರ್ ನಷ್ಟ ಕಳೆದರೆ 720. ಪಿಎಸ್ 5 ಆಡುವಾಗ ಸುಮಾರು 200 ವ್ಯಾಟ್, ಟಿವಿ ರೌಟರ್ ಸೇರಿ 300 ಹಿಡಿಯಿರಿ, ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷ. ಸೀರೀಸ್ ಎಸ್ ಆದರೆ ಒಟ್ಟು 170ರ ಸುತ್ತ, ನಾಲ್ಕು ಗಂಟೆ ದಾಟುತ್ತದೆ.

ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಹೊತ್ತಿನ ಗುಡುಗಿಗೆ ಪ್ಲಗ್ ಕಿತ್ತಿಡಿ, ಡಿಶ್ ಕೇಬಲನ್ನೂ ತೆಗೆಯಿರಿ. ಇಂಟರ್ನೆಟ್ ಫೈಬರಿನ ಗಾಜಿನ ಎಳೆಯಲ್ಲಿ ಮಿಂಚು ಹರಿಯದು, ಅದರ ಜೊತೆಗೆ ಬರುವ ಉಕ್ಕಿನ ತಂತಿಯಲ್ಲಿ ಹರಿಯುತ್ತದೆ.

ಒಂದು ಮಾತು, ಇದು ನಿಮಗಲ್ಲ, ಆಟಕ್ಕಾಗಿ ಜನರೇಟರ್ ಹಚ್ಚುವ ಬೇರೆ ಓದುಗರಿಗೆ: ಚೇಂಜ್‌ಓವರ್ ಸ್ವಿಚ್ (ಲೈನ್ ಕಡಿದು ಮನೆಯನ್ನು ಜನರೇಟರಿಗೆ ಬದಲಿಸುವುದು) ಇಲ್ಲದೆ ಗೋಡೆಯ ಸಾಕೆಟ್ಟಿಗೆ ಜನರೇಟರ್ ಚುಚ್ಚಬೇಡಿ. ಆ 230 ವೋಲ್ಟ್ ಟ್ರಾನ್ಸ್‌ಫಾರ್ಮರ್ ಮೂಲಕ ಹಿಮ್ಮುಖ ಹರಿದು 11,000 ಆಗಬಲ್ಲದು. ಕರೆಂಟ್ ಇಲ್ಲವೆಂದು ನಂಬಿ ಕಂಬ ಹತ್ತಿದವರ ಜೀವ ಹೋಗುತ್ತದೆ.

ಪ್ರಶ್ನೆ: ಕಾಫಿ ಕುಯ್ಲಿಗೆ ಹೋಗುವವಳು. ಮೈ ಸಡಿಲವಾಗಲು ವಿಆರ್‌ನಲ್ಲಿ (ಕಣ್ಣಿಗೆ ಕಟ್ಟಿಕೊಳ್ಳುವ ಪರದೆ) ಕುಣಿಯುವ ಆಟ ಒಳ್ಳೆಯದು ಎನ್ನುತ್ತಾನೆ ಮಗ. ಹೌದೇ? – ನಾಪೋಕ್ಲು

ಕುಯ್ಲಿನ ತಿಂಗಳಲ್ಲಿ ಬೇಡಮ್ಮ. ಗೋಣಿಚೀಲ ಹೊತ್ತ ಭುಜಕ್ಕೆ ಮತ್ತೆ ಕೈ ಎತ್ತುವ ಆಟ ಏಕೆ? ಮಗನಿಗೆ ಬೇಕಿದ್ದರೆ 2 ಮೀಟರ್ ಉದ್ದ 2 ಮೀಟರ್ ಅಗಲದ ಖಾಲಿ ಜಾಗ ಇರಲಿ, ಫ್ಯಾನ್ ಆಫ್ ಇರಲಿ.

ಪ್ರಶ್ನೆ: ಕಣದ ಕೆಲಸ ಮುಗಿಸಿ ಬಂದು ಅಣ್ಣ ತಮ್ಮ ಇಬ್ಬರೂ ಒಂದೇ ಕಂಟ್ರೋಲರ್ ಹಿಡಿಯುತ್ತೇವೆ. ಸ್ಟಿಕ್ ಮುಟ್ಟದಿದ್ದರೂ ಆಟಗಾರ ಎಡಕ್ಕೆ ನಡೆಯುತ್ತಾನೆ. ಮಳೆಗಾಲದಲ್ಲಿ ಬೂಷ್ಟು ಬೇರೆ. – ಪೊನ್ನಂಪೇಟೆ

ಸ್ಟಿಕ್ಕಿನ ಬುಡದಲ್ಲಿ ಕಾರ್ಬನ್ ಪಟ್ಟಿ ಇದೆ, ಅದರ ಮೇಲೆ ಲೋಹದ ತುಂಡು ಉಜ್ಜುತ್ತದೆ. ಧೂಳು ಸೇರಿದರೂ ಪಟ್ಟಿ ಸವೆದರೂ ಹೀಗಾಗುತ್ತದೆ. ಧೂಳಾದರೆ ಶುಚಿ ಮಾಡಬಹುದು: ಕಂಟ್ರೋಲರ್ ಆಫ್ ಮಾಡಿ, 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಮೂರು ಹನಿ ಸ್ಟಿಕ್ಕಿನ ಗುಮ್ಮಟದ ಕೆಳಗೆ ಬಿಟ್ಟು, ಮೂವತ್ತು ಸುತ್ತು ತಿರುಗಿಸಿ, ಅರ್ಧ ಗಂಟೆ ಆರಲು ಬಿಡಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಹಾಕಬೇಡಿ, ಅದರ ಗ್ಲಿಸರಿನ್ ಅಂಟಿಕೊಂಡು ಇನ್ನಷ್ಟು ಧೂಳು ಹಿಡಿಯುತ್ತದೆ. ಎರಡು ದಿನಕ್ಕೆ ಮತ್ತೆ ಶುರುವಾದರೆ ಪಟ್ಟಿ ಸವೆದಿದೆ ಎಂದರ್ಥ. ಡೆಡ್‌ಝೋನ್ (ಸ್ಟಿಕ್ಕಿನ ಸಣ್ಣ ಅಲುಗಾಟವನ್ನು ಆಟ ಲೆಕ್ಕಕ್ಕೆ ತೆಗೆದುಕೊಳ್ಳದ ಅಂತರ) ಹೆಚ್ಚಿಸಿ ಸ್ವಲ್ಪ ದಿನ ದೂಡಬಹುದು, ಆಮೇಲೆ ಉಜ್ಜಾಟವಿಲ್ಲದ, ಅಯಸ್ಕಾಂತದಲ್ಲಿ ಕೆಲಸ ಮಾಡುವ ಹಾಲ್ ಎಫೆಕ್ಟ್ ಸ್ಟಿಕ್ ಇರುವುದನ್ನೇ ಕೊಳ್ಳಿ. ಕಾಫಿ ಹಣ್ಣಿನ ಲೋಳೆ ಅಂಟಿದ ಕೈಯನ್ನು ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿಯೇ ಹಿಡಿಯಿರಿ.

ಬೂಷ್ಟಿಗೆ: ಕನ್ಸೋಲನ್ನು ವಾರಕ್ಕೆ ಎರಡು ಸಲವಾದರೂ ಒಂದು ಗಂಟೆ ಓಡಿಸಿ, ಅದರ ಬಿಸಿಯೇ ತೇವ ತೆಗೆಯುತ್ತದೆ. ಗೋಡೆಯಿಂದ 10 ಸೆಂ.ಮೀ. ದೂರವಿರಲಿ. ಅಗ್ಗಿಷ್ಟಿಕೆಯ ಹತ್ತಿರ ಬೇಡ, ಹೊಗೆಯ ಜಿಡ್ಡು ಫ್ಯಾನಿಗೆ ಅಂಟುತ್ತದೆ. ಕಂಟ್ರೋಲರ್, ಹೆಡ್‌ಫೋನ್‌ಗಳನ್ನು ಬಿಗಿ ಮುಚ್ಚಳದ ಹತ್ತು ಲೀಟರ್ ಡಬ್ಬಿಯಲ್ಲಿ ಕಾಲು ಕೆ.ಜಿ. ನೀಲಿ ಸಿಲಿಕಾ ಜೆಲ್ ಜೊತೆ ಇಡಿ. ಹರಳು ಗುಲಾಬಿಯಾದರೆ ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವ ತನಕ ಬಿಸಿ ಮಾಡಿದರೆ ಪುನಃ ಬಳಸಬಹುದು. ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ವಿಷ. ಅಕ್ಕಿರೊಟ್ಟಿ ಬೇಯಿಸುವ ಕಾವಲಿ ಮುಟ್ಟಬೇಡಿ, ಅಡುಗೆಗೆ ಮತ್ತೆಂದೂ ಬಳಸದ ಹಳೇ ಬಾಣಲೆಯೊಂದನ್ನು ಅದಕ್ಕೆಂದೇ ಎತ್ತಿಡಿ.