‘ವಲಸೆ’, ‘ಸ್ಥಾನಪಲ್ಲಟ’ ಒಂದೇ ಅರ್ಥದ ಪದಗಳೇ? ಒಂದು ಸಾಲಿನ ವ್ಯಾಖ್ಯೆ ಕೊಡಿ

ಒಂದು ಸಾಲು ಕೊಡುವುದಿಲ್ಲ. ಅಂಥದೇ ಒಂದು ಸಾಲನ್ನು ನಂಬಿ ಎಂ.ಎ. ಕಿರುಪ್ರಬಂಧದಲ್ಲಿ ಒಂದು ವರ್ಷ ಕಳೆದುಕೊಂಡವನು ನಾನು.

ನಮ್ಮೂರು ಬಾಗಲಕೋಟೆ. ಆಲಮಟ್ಟಿ ಹಿನ್ನೀರಿಗೆ ಹಳೆಯ ಊರಿನ ಒಂದು ಭಾಗ ಮುಳುಗಿ ಜನ ನವನಗರಕ್ಕೆ ಬಂದರು. 2008ರಲ್ಲಿ ಅವರ 60 ಮನೆಗಳ ಸಮೀಕ್ಷೆಗೆ ಹೊರಟೆ. ‘ವಲಸೆ ಎಂದರೆ ವಾಸಸ್ಥಳದ ಬದಲಾವಣೆ’ ಎಂದು ಪರೀಕ್ಷೆಯ ಗೈಡಿನಲ್ಲಿತ್ತು. ಅದನ್ನೇ ಹಿಡಿದು ಐದನೆಯ ಪ್ರಶ್ನೆ ಬರೆದೆ: ‘ನೀವು ವಲಸೆ ಬಂದವರೇ? ಇಲ್ಲವಾದರೆ 19ನೇ ಪ್ರಶ್ನೆಗೆ ಹೋಗಿ.’

ಮೊದಲ ಮನೆಯ ಅಜ್ಜ, ‘ಹಾಗೆಂದರೇನು ತಮ್ಮಾ?’ ಎಂದು ಕೇಳಿದರು. ಕೆಟ್ಟದ್ದು ಅಲ್ಲೇ. ‘ಗುಳೆ ಬಂದ ಹಾಗೆ, ಅಜ್ಜಾ’ ಎಂದುಬಿಟ್ಟೆ. ನಮ್ಮ ಕಡೆ ಗುಳೆ ಎಂದರೆ ಬರ ಬಿದ್ದಾಗ ಗಂಟುಮೂಟೆ ಕಟ್ಟಿಕೊಂಡು ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗುವುದು, ಮಳೆಯಾದರೆ ಮರಳುವುದು. ಅಜ್ಜನ ಮುಖ ಬಿಗಿಯಿತು. ‘ನಾವು ಗುಳೆ ಬಂದವರಲ್ಲ. ನಮ್ಮನ್ನು ಎಬ್ಬಿಸಿದರು.’ ನಾನು ‘ಇಲ್ಲ’ ಎಂದು ಗುರುತು ಹಾಕಿ 19ಕ್ಕೆ ಹಾರಿದೆ! ನನ್ನ ಇಡೀ ಪ್ರಬಂಧ ಆ ಒಂದು ಮಾತಿನಲ್ಲಿತ್ತು. ಸಾಲದ್ದಕ್ಕೆ ಮುಂದಿನ ಮನೆಗಳಲ್ಲಿ ಅವರು ಕೇಳುವ ಮೊದಲೇ ‘ಅಂದರೆ ಗುಳೆ’ ಎಂದು ಸೇರಿಸುತ್ತ ಹೋದೆ. ಪರಿಹಾರ, ನಿವೇಶನ, ಕಳೆದುಹೋದ ಹೊಲ ಎಲ್ಲವೂ 6ರಿಂದ 18ರ ನಡುವೆ ಇದ್ದವು. 47 ಮನೆಗಳ ಹಾಳೆಗಳಲ್ಲಿ ಆ ಭಾಗ ಖಾಲಿ. ಮಾರ್ಗದರ್ಶಕರು ಕಟ್ಟನ್ನು ತಿರುವಿ ನೋಡಿ, ಏನೂ ಅನ್ನದೆ ವಾಪಸು ಕೊಟ್ಟರು.

ಜನಗಣತಿಗೆ ‘ವಲಸೆ’ ಅಗಲವಾದ ಪದ. ಮದುವೆಯಾಗಿ ಗಂಡನ ಊರಿಗೆ ಹೋದವಳೂ ಅದರಲ್ಲಿ ವಲಸೆ ಬಂದವಳೇ. 2011ರ ಕಾರಣಗಳ ಪಟ್ಟಿಯಲ್ಲಿ ಉದ್ಯೋಗ, ವ್ಯಾಪಾರ, ಶಿಕ್ಷಣ, ಮದುವೆ ಇವೆ. ಮುಳುಗಡೆಗೆ ಪ್ರತ್ಯೇಕ ಜಾಗವಿಲ್ಲ. ಹಾಗೆಂದು ‘ನಿರಾಶ್ರಿತ’ ಎಂದೂ ಬರೆಯಬೇಡಿ. 1951ರ ಅಂತರರಾಷ್ಟ್ರೀಯ ಒಪ್ಪಂದದಂತೆ ಆ ಪದ ಕಿರುಕುಳದ ಭಯದಿಂದ ಸ್ವಂತ ದೇಶದ ಹೊರಗಿರುವವರಿಗೆ.

ಹೀಗೆ ಜನರನ್ನು ಬಲವಂತವಾಗಿ ಎಬ್ಬಿಸುವುದಕ್ಕೆ ಪರೀಕ್ಷೆಯಲ್ಲಿ ‘ಸ್ಥಾನಪಲ್ಲಟ’ ಎಂದು ಬರೆಯಿರಿ, ಅಂಕ ಸಿಗುತ್ತದೆ. ನನಗಂತೂ ಕುರ್ಚಿ ಸರಿಸಿದಂತೆ ಕೇಳಿಸುತ್ತದೆ. ‘ಒಕ್ಕಲೆಬ್ಬಿಸುವುದು’ ಎಂಬ ನಮ್ಮದೇ ಮಾತಿದೆ. ‘ವಲಸೆ ಹೋದರು’ ಎಂದರೆ ಹೋದವರಷ್ಟೇ ಕಾಣುತ್ತಾರೆ. ‘ಒಕ್ಕಲೆಬ್ಬಿಸಿದರು’ ಎಂದ ಕೂಡಲೇ ಎಬ್ಬಿಸಿದ್ದು ಯಾರು ಎಂದು ಕೇಳಲೇಬೇಕಾಗುತ್ತದೆ.

ಮರುವರ್ಷ ‘ನಿಮ್ಮನ್ನು ಎಬ್ಬಿಸಿದ್ದು ಯಾವಾಗ?’ ಎಂದು ಕೇಳಿದೆ. ಅದೇ ಅಜ್ಜ ಚಹಾ ತರಿಸಿ, ಮುಳುಗಿದ ಮನೆಯ ಕಟ್ಟೆಯಿಂದ ಶುರು ಮಾಡಿದರು. ಹಾಳೆಯ ಹಿಂಬದಿಯೂ ಸಾಲಲಿಲ್ಲ.