ದೊಡ್ಡ ರಜೆಯಲ್ಲಿ ನಮ್ಮ ಮಕ್ಕಳು ಎಂತ ಓದ್ತಾರೆ ಅಂತ ಕೇಳಿದ್ರಲ್ಲ, ಕಾಸರಗೋಡಿಂದ ಉತ್ತರ

"ಬೇಸಿಗೆ ರಜೇಲಿ ಮಕ್ಕಳು ಓದೋ ಹಾಗೆ ಮಾಡೋಕೆ ನಿಮ್ಮ ಕಡೆ ಏನ್ ಮಾಡ್ತೀರಾ, ಕನ್ನಡ ಪುಸ್ತಕ ಸಿಗುತ್ತಾ, ಬೇಕಾದ್ರೆ ಕಳಿಸ್ತೀನಿ" ಅಂತ ನೀವು ಬೆಂಗಳೂರಿಂದ ಕೇಳಿದ್ದು ಭಾರಿ ಖುಷಿ ಆಯ್ತು. ಆದ್ರೆ ಬರೀ ಪುಸ್ತಕದ ಲಿಸ್ಟ್ ಕೊಟ್ರೆ ನಿಮಗೆ ಇಲ್ಲಿಯ ಕಷ್ಟ ಗೊತ್ತಾಗ್ಲಿಕ್ಕಿಲ್ಲ, ಸ್ವಲ್ಪ ಉದ್ದ ಆಗ್ತದೆ, ಸುಧಾರಿಸ್ಕೊಳ್ಳಿ.

ನಮ್ಮದು ಬದಿಯಡ್ಕದ ಹತ್ತಿರ. 1956ರಲ್ಲಿ ಕೇರಳಕ್ಕೆ ಸೇರಿದ ಊರು, 1984ರಲ್ಲಿ ಕಾಸರಗೋಡು ಬೇರೆ ಜಿಲ್ಲೆ ಆಯ್ತು, ಇದೆಲ್ಲ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದ್ದು ಎಂತ ಅಂದ್ರೆ ನಮ್ಮ ಮನೆಯೊಳಗೆ ಕನ್ನಡ ಇಲ್ಲ ಮಾರಾಯ್ರೆ. ಮನೆಯಲ್ಲಿ ತುಳು, ಪಕ್ಕದ ಮನೆಯವರದ್ದು ಹವ್ಯಕ, ಅವರಿಂದ ಆಚೆ ಮನೆಯಲ್ಲಿ ಬ್ಯಾರಿ, ಗುಡ್ಡೆಯ ಮೇಲೆ ಮರಾಟಿ, ಅಂಗಡಿಗೆ ಹೋದ್ರೆ ಮಲಯಾಳ. ಕನ್ನಡ ಅಂತ ಇರುದು ಶಾಲೆಯಲ್ಲಿ, ದೇವಸ್ಥಾನದ ಆಮಂತ್ರಣದಲ್ಲಿ, ಯಕ್ಷಗಾನದಲ್ಲಿ, ಬೆಳಿಗ್ಗೆ ಬರುವ ಪೇಪರಲ್ಲಿ. ಮಗಳು ಹೋಗುದು ಕನ್ನಡ ಮೀಡಿಯಂ ಎ.ಎಲ್.ಪಿ. ಶಾಲೆಗೆ, ಅಂದ್ರೆ ಒಂದರಿಂದ ನಾಲ್ಕರವರೆಗಿನ ಎಯ್ಡೆಡ್ ಶಾಲೆ, ಪುಸ್ತಕ ಕೇರಳ ಸರ್ಕಾರದ್ದು ಆದ್ರೆ ಅಕ್ಷರ ಕನ್ನಡದ್ದು. ನಿಮ್ಮಲ್ಲಿ ರಜೆ ಸಿಕ್ಕಿದ್ರೂ ಮಕ್ಕಳ ಕಣ್ಣಿಗೆ ಬಸ್ಸಲ್ಲಿ, ಬೋರ್ಡಲ್ಲಿ, ಬಿಸ್ಕೆಟ್ ಜಾಹೀರಾತಲ್ಲಿ ಎಲ್ಲಾ ಕಡೆ ಕನ್ನಡ ಬೀಳ್ತಾ ಇರ್ತದೆ. ಇಲ್ಲಿ ಮಾರ್ಚ್ ಕೊನೆಗೆ ಶಾಲೆಯ ಬೆಲ್ ಹೊಡೀತು ಅಂದ್ರೆ ಕನ್ನಡಕ್ಕೂ ರಜೆ. ಮತ್ತೆ ಜೂನ್ ಒಂದಕ್ಕೆ ಪ್ರವೇಶೋತ್ಸವ, ಬೆಲೂನು, ಪಾಯಸ, ಮಳೆ. ನಡುವಿನ ಎರಡು ತಿಂಗಳು ಖಾಲಿ.

ಹೋದ ವರ್ಷದ ಹಿಂದಿನ ವರ್ಷ ಜೂನಲ್ಲಿ ಮಗಳು ಪಾಠ ಓದ್ಲಿಕ್ಕೆ ಕೂತವಳು "ಸೂರ್ಯ" ಅಂತ ಇದ್ದದ್ದನ್ನು "ಸೂಯ್ರ" ಅಂತ ಓದಿದ್ಲು. ನಾನು ಮೊದಲು ನಗಾಡಿದೆ, ಆಮೇಲೆ ನೋಡಿದ್ರೆ ಒಂದಲ್ಲ, ಅರ್ಕಾವತ್ತು ಬಂದಲ್ಲೆಲ್ಲ ಹೀಗೆಯೇ, ಕಾರ್ಯ "ಕಾಯ್ರ" ಆಗಿತ್ತು. ಅವಳದ್ದೂ ತಪ್ಪಲ್ಲ ನೋಡಿ. ಕನ್ನಡದಲ್ಲಿ ರ ಮೊದಲು ಹೇಳ್ಬೇಕು ಆದ್ರೆ ಬರೆಯುದು ಕೊನೆಗೆ, ಮಲಯಾಳದಲ್ಲಿ ಬಾಯಿಗೆ ಬಂದ ಕ್ರಮದಲ್ಲೇ ಬರೀತಾರೆ, ರಜೆಯಿಡೀ ಅವಳು ಕಂಡದ್ದು ಮಲಯಾಳ ಬೋರ್ಡುಗಳನ್ನೇ. ಟೀಚರ್ ಹೇಳಿದ್ರು, ಜೂನ್ ತಿಂಗಳು ಇಡೀ ನಮಗೆ ಒತ್ತಕ್ಷರ ರಿಪೇರಿ ಮಾಡುದೇ ಕೆಲಸ ಅಂತ.

ಹಾಗಾಗಿ ಮುಂದಿನ ರಜೆಗೆ ನಾನು ಗಟ್ಟಿ ತಯಾರಿ ಮಾಡಿದೆ. ಮಂಗಳೂರಿಗೆ ಹೋಗಿ ಒಂದು ಚೀಲ ಪುಸ್ತಕ ತಂದೆ, ಗೋಡೆಗೆ ಟೈಮ್‌ಟೇಬಲ್ ಅಂಟಿಸಿದೆ, ದಿನಕ್ಕೊಂದು ಕಥೆ ಓದಿ ಐದು ಗೆರೆ ಸಾರಾಂಶ ಬರೀಬೇಕು ಅಂತ ಒಂದು ನೋಟ್‌ಬುಕ್ಕೂ ಕೊಟ್ಟೆ. ನಾಲ್ಕನೇ ದಿನ ಚೀಲ ಮಂಚದ ಅಡಿಗೆ ಹೋಯ್ತು. ಐದನೇ ದಿನ ನೋಟ್‌ಬುಕ್ ಹುಡುಕಿದ್ರೆ ಅದರ ಹಾಳೆಯಲ್ಲಿ ದೋಣಿ ಮಾಡಿ ಬಾವಿಕಟ್ಟೆ ಹತ್ತಿರದ ತೊಟ್ಟಿಯಲ್ಲಿ ಬಿಟ್ಟಿದ್ಲು. ಸಾರಾಂಶ ಬರೆಸುದನ್ನು ಯಾರು ಕಂಡುಹಿಡಿದ್ರೋ ಗೊತ್ತಿಲ್ಲ, ಮಕ್ಕಳನ್ನು ಪುಸ್ತಕದಿಂದ ಓಡಿಸ್ಲಿಕ್ಕೆ ಅದಕ್ಕಿಂತ ಒಳ್ಳೆ ಮದ್ದು ಇಲ್ಲ.

ಕೊನೆಗೆ ಕೆಲಸ ಮಾಡಿದ್ದು ಹಪ್ಪಳ. ನಗಾಡ್ಬೇಡಿ, ಹೇಳ್ತೇನೆ. ಏಪ್ರಿಲ್ ಮೇ ಅಂದ್ರೆ ನಮ್ಮಲ್ಲಿ ಹಲಸಿನ ಹಪ್ಪಳದ ಗೌಜಿ, ಸೊಳೆ ಬೇಯಿಸುದು, ಅರೆಯುದು, ಒತ್ತುದು, ಚಾಪೆಯಲ್ಲಿ ಹಾಕಿ ಅಂಗಳದಲ್ಲಿ ಒಣಗಿಸುದು, ಅದರ ಬದಿಯಲ್ಲಿ ಮಾವಿನ ರಸ ಒಣಗಿಸಿ ಮಾಡುವ ಮಾಂಬಳ. ಒಣಗುವಾಗ ಕಾಗೆ ಬರ್ತದೆ, ಕೋಳಿ ಬರ್ತದೆ, ಅದನ್ನು ಓಡಿಸ್ಲಿಕ್ಕೆ ಕೋಲು ಹಿಡ್ಕೊಂಡು ಜಗಲಿಯಲ್ಲಿ ಒಬ್ರು ಕೂತ್ಕೊಳ್ಬೇಕು. ಆ ಡ್ಯೂಟಿ ಯಾವಾಗ್ಲೂ ಮಕ್ಕಳದ್ದು. ಹತ್ತು ಗಂಟೆಯಿಂದ ಮೂರು ಗಂಟೆವರೆಗೆ ಎದ್ದು ಹೋಗುವ ಹಾಗಿಲ್ಲ, ಆಡುವ ಹಾಗಿಲ್ಲ, ಮೊಬೈಲ್ ಕೊಟ್ರೆ ಕಾಗೆ ಹಪ್ಪಳ ತಗೊಂಡು ಹೋದ್ರೂ ಗೊತ್ತಾಗುದಿಲ್ಲ ಅಂತ ನನ್ನ ಅಮ್ಮ ಮೊಬೈಲ್ ಕೊಡುದಿಲ್ಲ. ಅಟ್ಟದಲ್ಲಿ ನನ್ನ ಕಾಲದ ಬಾಲಮಂಗಳ ಅನ್ನುವ ಮಕ್ಕಳ ಪತ್ರಿಕೆಯ ಒಂದು ಕಟ್ಟು ಇತ್ತು, ಗೆದ್ದಲು ತಿಂದು ಉಳಿದದ್ದು, ನಾನು ಓದು ಅಂತ ಹೇಳ್ಲಿಲ್ಲ, ಸುಮ್ನೆ ಜಗಲಿಯಲ್ಲಿ ಇಟ್ಟು ಹೋದೆ. ಮಧ್ಯಾಹ್ನ ಬಂದು ನೋಡಿದ್ರೆ ಅವಳು ಅದರಲ್ಲಿ ಬರುವ ಸಾಹಸಿ ಇಲಿ ಡಿಂಗನ ಕಥೆಯೊಳಗೆ ಮುಳುಗಿದ್ದಾಳೆ, ಚಾಪೆಯ ಒಂದು ಮೂಲೆಯ ಹಪ್ಪಳ ಕಾಗೆಗೆ ಹೋಗಿತ್ತು. ಅಮ್ಮನಿಂದ ಬೈಗಳು ನನಗೇ ಸಿಕ್ಕಿತು. (ಆ ಬಾಲಮಂಗಳ ಬರ್ತಾ ಇದ್ದದ್ದು ಕೇರಳದ ಕೋಟ್ಟಯಂನಿಂದ ಅಂತ ನಿಮಗೆ ಗೊತ್ತುಂಟಾ? ನಮ್ಮ ಡಿಂಗ ಮಲಯಾಳದಲ್ಲಿ ಡಿಂಕನ್. ನಾವು ಸಣ್ಣದಿರುವಾಗ ಮಲಯಾಳ ಶಾಲೆಯ ಹುಡುಗರ ಹತ್ರ ಡಿಂಗ ನಮ್ಮವನು ಅಂತ ಜಗಳ ಮಾಡಿದ್ದುಂಟು.)

ಇನ್ನೊಂದು ಅಮ್ಮನ ಕಣ್ಣಿಂದ ಆಯ್ತು. ಅವರಿಗೆ ಪೊರೆ ಬಂದು ಪೇಪರಿನ ಸಣ್ಣ ಅಕ್ಷರ ಕಾಣುದಿಲ್ಲ, ಆದ್ರೆ ಇವತ್ತು ಯಕ್ಷಗಾನ ಆಟ ಎಲ್ಲೆಲ್ಲಿ ಅಂತ ಗೊತ್ತಾಗದೆ ಚಾ ಇಳಿಯುದಿಲ್ಲ. ಕರಾವಳಿಯ ಪೇಪರುಗಳಲ್ಲಿ ಅಂದಿನ ಯಕ್ಷಗಾನದ ಪಟ್ಟಿ ಬರ್ತದೆ, ಯಾವ ಮೇಳ, ಯಾವ ಊರು, ಯಾವ ಪ್ರಸಂಗ ಅಂತ. ಪತ್ತನಾಜೆಗೆ, ಅಂದ್ರೆ ಮೇ ಕೊನೆಯ ಹತ್ತಿರ, ಮೇಳಗಳು ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸುವವರೆಗೆ ದಿನಾ ಇರ್ತದೆ. ಅದನ್ನು ಓದಿ ಹೇಳುದು ಮೊಮ್ಮಗಳ ಕೆಲಸ ಅಂತ ಅಮ್ಮನೇ ತೀರ್ಮಾನ ಮಾಡಿದ್ರು. ಸ್ವಲ್ಪ ಯೋಚನೆ ಮಾಡಿ, "ಶ್ರೀ ದುರ್ಗಾಪರಮೇಶ್ವರೀ ಪ್ರಸಾದಿತ ದಶಾವತಾರ ಯಕ್ಷಗಾನ ಮಂಡಳಿ, ಕಟೀಲು", ಪ್ರಸಂಗ "ಶ್ರೀ ದೇವೀ ಮಹಾತ್ಮೆ". ಮೂರನೇ ಕ್ಲಾಸಿನ ಪಾಠಪುಸ್ತಕದಲ್ಲಿ ಇಷ್ಟು ಒತ್ತಕ್ಷರ ಒಂದು ಪುಟದಲ್ಲಿ ಹಾಕಿದ್ರೆ ಪೋಷಕರು ಶಾಲೆಗೆ ಜಗಳಕ್ಕೆ ಹೋಗ್ತಿದ್ರು! ಮೊದಲ ದಿನ ದುರ್ಗಾ ಅಂತ ಓದ್ಲಿಕ್ಕಾಗದೆ ಅರ್ಕಾವತ್ತಿನ ಹತ್ತಿರ ನಿಂತ್ಲು, ಅಮ್ಮ ಹಲ್ಲು ಕಡಿಯದೆ "ದುರ್ಗಾ ಮಗಾ" ಅಂತ ಹೇಳಿ ಕೊಟ್ರು. ಒಂದು ವಾರದಲ್ಲಿ ಸರಾಗ. ಯಾಕೆ ಅಂದ್ರೆ ಆ ಶಬ್ದ ಅವಳ ಕಿವಿಯಲ್ಲಿ ಮೊದಲೇ ಇತ್ತು, ಮಹಿಷಾಸುರ ದೊಂದಿ ಹಿಡ್ಕೊಂಡು ಜನರ ನಡುವಿಂದ ಬರುದನ್ನು ಹೆದರಿ ನನ್ನ ಬೆನ್ನ ಹಿಂದೆ ನಿಂತು ನೋಡಿದವಳು ಅವಳು, ರಕ್ತಬೀಜ ಅಂತ ಓದ್ಲಿಕ್ಕೆ ಯಾರೂ ಕಲಿಸ್ಬೇಕಾಗಿಲ್ಲ. ಗೊತ್ತಿರುವ ಮಾತು ಕಾಗದದಲ್ಲಿ ಸಿಕ್ಕಿದಾಗ ಮಕ್ಕಳ ಮುಖ ಒಮ್ಮೆ ನೋಡ್ಬೇಕು ನೀವು.

ಲೈಬ್ರರಿ ಇಲ್ವಾ ಅಂತ ಕೇಳ್ಬಹುದು. ಉಂಟು, ಬೇಕಾದಷ್ಟು ಉಂಟು. ಕೇರಳದಲ್ಲಿ ಲೈಬ್ರರಿ ಅಂದ್ರೆ ಒಂದು ಚಳುವಳಿಯೇ, ಪಿ.ಎನ್. ಪಣಿಕ್ಕರ್ ಅಂತ ಒಬ್ರು 1945ರಲ್ಲಿ ಗ್ರಂಥಶಾಲೆಗಳ ಸಂಘ ಕಟ್ಟಿದ್ರು, ಅವರು ತೀರಿಕೊಂಡ ಜೂನ್ 19ನ್ನು ಈಗ್ಲೂ ಓದುವ ದಿನ ಅಂತ ಆಚರಿಸ್ತಾರೆ, ಮಲಯಾಳದಲ್ಲಿ ವಾಯನಾ ದಿನಂ, ನಮ್ಮ ಶಾಲೆಯ ಬೋರ್ಡಲ್ಲಿ ವಾಚನಾ ದಿನ. ಅದು ಬರುದು ರಜೆ ಮುಗಿದ ಮೇಲೆ ಅನ್ನುದು ಬೇರೆ ವಿಷಯ. ನಾವು ಹೋಗುವ ಲೈಬ್ರರಿಯಲ್ಲಿ ಕನ್ನಡಕ್ಕೆ ಒಂದು ಕಪಾಟು ಉಂಟು, ಅದರಲ್ಲಿ ದಪ್ಪ ದಪ್ಪ ಕಾದಂಬರಿ, ಅಭಿನಂದನ ಗ್ರಂಥ, ಯಾರದ್ದೋ ಪಿಎಚ್‌ಡಿ. ಮಕ್ಕಳದ್ದು ಅಂತ ಹುಡುಕಿದ್ರೆ ಮುಖಪುಟ ಹೋದ ಮೂರು ಪುಸ್ತಕ. ಹಾಗಾಗಿ ಮಗಳು ಅಲ್ಲಿಂದ ಮಲಯಾಳದ ಮಕ್ಕಳ ಪತ್ರಿಕೆ ಬಾಲರಮ ತರ್ತಾಳೆ, ಅಕ್ಷರ ಕೂಡಿಸಿ ಕೂಡಿಸಿ ಓದ್ತಾಳೆ. ನಮ್ಮವರೇ ಕೆಲವರು "ನೀವೇ ಹೀಗೆ ಮಾಡಿದ್ರೆ ಕನ್ನಡ ಉಳಿಯುದು ಹೇಗೆ" ಅಂತ ಕೇಳಿದ್ದಾರೆ. ನನಗೆ ಅದರಲ್ಲಿ ತಪ್ಪು ಕಾಣುದಿಲ್ಲ. ಓದುವ ರುಚಿ ಯಾವ ಲಿಪಿಯಲ್ಲಿ ಹತ್ತಿದ್ರೂ ಹತ್ತಲಿ, ಮಲಯಾಳ ಓದಿದ್ದಕ್ಕೆ ಅವಳ ಕನ್ನಡ ಹಾಳಾಗ್ಲಿಲ್ಲ, ಕನ್ನಡ ಕಣ್ಣಿಗೆ ಬೀಳದೆ ಹಾಳಾದದ್ದು.

ವಿಟ್ಲದ ಹತ್ತಿರ ಅವಳ ಅಜ್ಜನ ಮನೆ, ಗಡಿ ದಾಟಿದ್ರೆ ಕರ್ನಾಟಕ. ಅಲ್ಲಿ ಪಂಚಾಯತ್ ಲೈಬ್ರರಿಯಲ್ಲಿ ಓದುವ ಬೆಳಕು ಅಂತ 2020ರಿಂದ ಮಕ್ಕಳಿಗೆ ಫ್ರೀ ಮೆಂಬರ್‌ಶಿಪ್ ಉಂಟು, ಮಾವನ ಮಗನ ಕಾರ್ಡಲ್ಲಿ ಇವಳೂ ಪುಸ್ತಕ ತರ್ತಾಳೆ. ಅವನು ಜೋರು ಓದ್ತಾನೆ, ಇವಳಿಗೆ ಅಷ್ಟು ಸ್ಪೀಡ್ ಇಲ್ಲ, ಆದ್ರೆ ಕಾಸರಗೋಡಿಂದ ಬಂದ ಬಸ್ಸಿನ ಮಲಯಾಳ ಬೋರ್ಡ್ ಅವನಿಗೆ ಓದ್ಲಿಕ್ಕೆ ಬರುದಿಲ್ಲ, ಇವಳಿಗೆ ಬರ್ತದೆ, ಅಲ್ಲಿಗೆ ಲೆಕ್ಕ ಸಮ.

ಮೊಬೈಲಲ್ಲಿ ಪ್ರಥಮ್ ಬುಕ್ಸಿನವರ ಸ್ಟೋರಿವೀವರ್ ಅನ್ನುವ ಮಕ್ಕಳ ಕಥೆಯ ವೆಬ್‌ಸೈಟ್ ಕೂಡ ನೋಡಿದ್ದೇವೆ, ಕನ್ನಡ ಕಥೆ ಫ್ರೀಯಾಗಿ ಸಿಗ್ತದೆ, ಒಂದರಿಂದ ನಾಲ್ಕು ಲೆವೆಲ್ ಮಾಡಿದ್ದಾರೆ, ನಾನು ಪೇಟೆಯಲ್ಲಿ ಪ್ರಿಂಟ್ ತೆಗೆಸಿ ದಾರದಲ್ಲಿ ಹೊಲಿದು ಕೊಡ್ತೇನೆ. ಒಂದೇ ತಮಾಷೆ, ನಿಮ್ಮ ಕಡೆಯ ಪುಸ್ತಕದ ಕನ್ನಡ ಇವಳಿಗೆ ಅರ್ಧ ಪರದೇಶ. ಒಂದು ಕಥೆಯಲ್ಲಿ ಸೀಬೆಹಣ್ಣು ಅಂತ ಇತ್ತು, ಚಿತ್ರ ನೋಡಿ "ಅಪ್ಪಾ, ಇದು ಪೇರಳೆ, ಇವರು ತಪ್ಪು ಬರ್ದಿದ್ದಾರೆ" ಅಂತ ಪೆನ್ಸಿಲಲ್ಲಿ ಹೊಡೆದು ಸರಿ ಮಾಡಿದ್ಲು. ಮುದ್ದೆ ಅಂದ್ರೆ ಎಂತ ಅಂತ ಕೇಳಿದ್ದಕ್ಕೆ ನನಗೂ ಸರಿಯಾಗಿ ವಿವರಿಸ್ಲಿಕ್ಕೆ ಆಗ್ಲಿಲ್ಲ.

ಈಗ ನಿಮ್ಮ ಪುಸ್ತಕದ ವಿಷಯ. ಕಳಿಸುದಾದ್ರೆ ಖಂಡಿತ ಕಳಿಸಿ, ಆದ್ರೆ ಮನೆ ಖಾಲಿ ಮಾಡುವಾಗ ಉಳಿದ ಜನರಲ್ ನಾಲೆಜ್, ನೀತಿಕಥೆ ಬೇಡ, ಅದು ಎಲ್ರೂ ಕಳಿಸ್ತಾರೆ. ದೊಡ್ಡ ಅಕ್ಷರದ್ದು, ಚಿತ್ರ ಇರುದು, ನಗು ಬರುದು ಇರ್ಲಿ, ಎನ್‌ಬಿಟಿಯ (ನ್ಯಾಷನಲ್ ಬುಕ್ ಟ್ರಸ್ಟ್) ತೆಳ್ಳಗಿನ ಪುಸ್ತಕಗಳಾದ್ರೆ ಇನ್ನೂ ಒಳ್ಳೆದು, ಒಂದೇ ಪುಸ್ತಕ ಮೂರು ಕಾಪಿ ಇದ್ರೆ ಮೂರು ಮನೆಗೆ ಕೊಡ್ಬಹುದು, ಹಪ್ಪಳ ಎಲ್ರ ಅಂಗಳದಲ್ಲೂ ಉಂಟು. ಹಳೆ ಬಾಲಮಂಗಳ ಇದ್ರೆ ಮೊದಲು ಅದನ್ನು ಹಾಕಿ. ಮತ್ತೆ ಮಾರ್ಚ್ ಮುಗಿಯುವ ಮೊದಲು ಬಂದು ಮುಟ್ಟುವ ಹಾಗೆ ನೋಡಿ. ಜೂನಲ್ಲಿ ಬಂದ್ರೆ ನಮ್ಮ ಮಳೆಗೆ ಪಾರ್ಸೆಲ್ ಬಿಚ್ಚುವ ಮೊದಲೇ ಬೂಸ್ಟು ಹಿಡಿದಿರ್ತದೆ.